ಒಬ್ಬ ಯುವಕನನ್ನು ವಾಪಸ್ ಕಳಿಸೋಕೆ ಸೇನೆಯೇ ಬಂತು: ಗುಲಾಮಗಿರಿ ಅಮೆರಿಕವನ್ನು ಒಡೆದದ್ದು ಹೇಗೆ?

ಸಂಚಿಕೆಯ ಲಿಖಿತ ರೂಪ



ಇವತ್ತಿನ ಕಥೆ ಅಮೆರಿಕದ್ದು. ದಿನ, 1854ರ ಜೂನ್ 2. ಊರು, ಬಾಸ್ಟನ್. ಮಸಾಚುಸೆಟ್ಸ್ ರಾಜ್ಯದ ರಾಜಧಾನಿ. ಅವತ್ತು ಅಲ್ಲಿನ ಬೀದಿಗಳಲ್ಲಿ ಸುಮಾರು 50 ಸಾವಿರ ಜನ ಸೇರಿದ್ದರು. ಅಂಗಡಿ, ಕಚೇರಿಗಳ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಅಮೆರಿಕದ ಬಾವುಟವನ್ನು ಕೆಲವರು ತಲೆಕೆಳಗಾಗಿ ಹಾರಿಸಿದ್ದರು. ಒಂದು ಕಡೆ ಬೀದಿಯ ಮೇಲೆ ಶವಪೆಟ್ಟಿಗೆಯನ್ನೇ ತೂಗುಬಿಟ್ಟಿದ್ದರು. ಅದರ ಮೇಲೆ ‘ಸ್ವಾತಂತ್ರ್ಯ’ ಅಂತ ಬರೆದಿತ್ತು.

ಸತ್ತಿದ್ದು ಯಾರು? ಯಾರೂ ಇಲ್ಲ. ಇಪ್ಪತ್ತು ವರ್ಷದ ಒಬ್ಬ ಕಪ್ಪು ಯುವಕನನ್ನು ಕೋರ್ಟಿನಿಂದ ಬಂದರಿಗೆ ನಡೆಸಿಕೊಂಡು ಹೋಗ್ತಿದ್ದರು, ಅಷ್ಟೆ. ಅವನ ಸುತ್ತ ಸೈನಿಕರು, ಬಂದೂಕು, ಜೊತೆಗೆ ಒಂದು ಫಿರಂಗಿ. ಅವನ ಹೆಸರು ಆಂಥನಿ ಬರ್ನ್ಸ್. ಅವನು ಮಾಡಿದ ಅಪರಾಧ ಇಷ್ಟೇ: ತನ್ನ ಮಾಲೀಕನಿಂದ ತಪ್ಪಿಸಿಕೊಂಡು ಬಂದಿದ್ದ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಮಸಾಚುಸೆಟ್ಸ್‌ನಲ್ಲಿ ಗುಲಾಮಗಿರಿ ಮುಗಿದು ಆಗಲೇ ಎಪ್ಪತ್ತು ವರ್ಷ ಆಗಿತ್ತು. ಹಾಗಿದ್ದ ಮೇಲೆ ಅಲ್ಲಿ ಒಬ್ಬ ಮನುಷ್ಯನನ್ನು ಗುಲಾಮ ಅಂತ ಹಿಡಿಯೋಕೆ ಹೇಗೆ ಸಾಧ್ಯ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಅಮೆರಿಕದ ಅಂತರ್ಯುದ್ಧ ಯಾಕಾಯ್ತು ಅನ್ನೋದೂ ಅರ್ಥ ಆಗುತ್ತೆ. ಜೊತೆಗೆ, ಇವತ್ತಿಗೂ ಕೆಲವರು ಹೇಳೋ ಒಂದು ಮಾತಿದೆ: ‘ಆ ಯುದ್ಧ ಗುಲಾಮಗಿರಿಗಾಗಿ ನಡೀಲಿಲ್ಲ, ರಾಜ್ಯಗಳ ಹಕ್ಕಿಗಾಗಿ ನಡೀತು’ ಅಂತ. ಆ ಮಾತು ಎಷ್ಟು ನಿಜ ಅಂತಾನೂ ನೋಡೋಣ.

ಒಂದು ದೇಶ, ಎರಡು ಕಾನೂನು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1776ರಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಅಲ್ಲಿನ 13 ವಸಾಹತುಗಳಲ್ಲೂ ಗುಲಾಮಗಿರಿ ಇತ್ತು. ಉತ್ತರದಲ್ಲಿ ಕಡಿಮೆ, ದಕ್ಷಿಣದಲ್ಲಿ ಜಾಸ್ತಿ. ಆಮೇಲೆ ಉತ್ತರದ ರಾಜ್ಯಗಳು ಒಂದೊಂದಾಗಿ ಅದನ್ನು ಕೈಬಿಟ್ಟವು. ಮಸಾಚುಸೆಟ್ಸ್‌ನಲ್ಲಿ ಅದಕ್ಕೆ ಏಟು ಕೊಟ್ಟಿದ್ದು 1780ರ ದಶಕದ ಕೋರ್ಟ್ ತೀರ್ಪುಗಳು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ನಿಧಾನವಾಗಿ, ತಲೆಮಾರಿನ ಲೆಕ್ಕದಲ್ಲಿ ಮುಗಿಯಿತು.

ದಕ್ಷಿಣ ಬಿಡಲಿಲ್ಲ. 1787ರಲ್ಲಿ ಸಂವಿಧಾನ ಬರೆಯೋವಾಗ ದಕ್ಷಿಣದವರನ್ನು ಒಳಗೆ ಉಳಿಸಿಕೊಳ್ಳೋಕೆ ಎರಡು ಮುಖ್ಯ ರಾಜಿ ಮಾಡಿಕೊಂಡರು. ‘ಗುಲಾಮ’ ಅನ್ನೋ ಪದವನ್ನೇ ಬಳಸದೆ ಸುತ್ತಿಬಳಸಿ ಬರೆದರು ಅನ್ನೋದನ್ನೂ ಗಮನಿಸಿ.

ಮೊದಲನೇದು, ಜನಗಣತಿಯ ಲೆಕ್ಕ. ಐದು ಗುಲಾಮರನ್ನು ಮೂರು ಜನ ಅಂತ ಎಣಿಸಬೇಕು. ಆ ಮೂರರ ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳಿಗೆ ಸಂಸತ್ತಿನಲ್ಲಿ ಹೆಚ್ಚು ಸೀಟು ಸಿಕ್ಕಿತು. ಯಾರಿಗೆ ಓಟು ಹಾಕೋ ಹಕ್ಕೇ ಇಲ್ಲವೋ, ಅವರ ತಲೆ ಎಣಿಸಿ ಅವರ ಮಾಲೀಕರು ಅಧಿಕಾರ ಪಡೆದರು.

ಎರಡನೇದು, ಒಂದು ರಾಜ್ಯದಿಂದ ತಪ್ಪಿಸಿಕೊಂಡು ಇನ್ನೊಂದು ರಾಜ್ಯಕ್ಕೆ ಹೋದರೂ ಗುಲಾಮ ಗುಲಾಮನೇ. ಹಕ್ಕುದಾರ ಬಂದು ಕೇಳಿದರೆ ವಾಪಸ್ ಒಪ್ಪಿಸಬೇಕು. ಆಂಥನಿ ಬರ್ನ್ಸ್‌ನ ಕಥೆ ಶುರುವಾಗೋದು ಈ ಸಾಲಿನಿಂದ.

ಆ ಕಾಲದಲ್ಲಿ ತುಂಬಾ ಜನ ಅಂದುಕೊಂಡಿದ್ದು, ಗುಲಾಮಗಿರಿ ತಾನಾಗೇ ಸಾಯುತ್ತೆ ಅಂತ. ಹಾಗಾಗಲಿಲ್ಲ. ಕಾರಣ ಹತ್ತಿ. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸೋ ಯಂತ್ರ ಮಾಡಿದ. ಅಲ್ಲಿಯವರೆಗೆ ಕೈಯಲ್ಲಿ ಬೀಜ ಬಿಡಿಸೋದು ತುಂಬಾ ನಿಧಾನದ ಕೆಲಸ. ಯಂತ್ರ ಬಂದ ಮೇಲೆ ಜಾರ್ಜಿಯಾದಿಂದ ಟೆಕ್ಸಾಸ್‌ವರೆಗೆ ಹತ್ತಿ ಹೊಲಗಳು ಹಬ್ಬಿದವು. ಆ ಹೊಲಗಳಿಗೆ ಆಳು ಬೇಕು. 1808ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರೋದು ನಿಷೇಧ ಆಯ್ತು. ಆದರೆ ದೇಶದ ಒಳಗಿನ ಮಾರಾಟ ನಿಲ್ಲಲಿಲ್ಲ. ವರ್ಜೀನಿಯಾದಂಥ ಹಳೇ ರಾಜ್ಯಗಳಿಂದ ದೂರದ ಹತ್ತಿ ಸೀಮೆಗೆ ಅಂತರ್ಯುದ್ಧದವರೆಗೆ ಸುಮಾರು 10 ಲಕ್ಷ ಜನರನ್ನು ಸಾಗಿಸಿದರು ಅಂತ ಇತಿಹಾಸಕಾರರ ಅಂದಾಜು. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ, ಮಕ್ಕಳನ್ನು ಮತ್ತೊಂದು ಕಡೆ ಮಾರಿದ್ದಕ್ಕೆ ಲೆಕ್ಕವಿಲ್ಲ.

1860ರ ಜನಗಣತಿಯ ಹೊತ್ತಿಗೆ ಗುಲಾಮರ ಸಂಖ್ಯೆ ಸುಮಾರು 39 ಲಕ್ಷದ 50 ಸಾವಿರ. ಅಮೆರಿಕದ ರಫ್ತಿನ ಅರ್ಧಕ್ಕಿಂತ ಹೆಚ್ಚು ಬೆಲೆ ಹತ್ತಿಯದ್ದೇ. ಮತ್ತೆ ಇದರಲ್ಲಿ ಉತ್ತರದ ಕೈ ಶುದ್ಧ ಅಂದುಕೋಬೇಡಿ. ಆ ಹತ್ತಿಯನ್ನು ನೂಲುತ್ತಿದ್ದ ಗಿರಣಿಗಳು ಮಸಾಚುಸೆಟ್ಸ್‌ನಲ್ಲೂ ಇದ್ದವು. ಸಾಲ ಕೊಡೋ ಬ್ಯಾಂಕು, ಸಾಗಿಸೋ ಹಡಗು, ವಿಮೆ, ಎಲ್ಲದರಲ್ಲೂ ಉತ್ತರದ ದುಡ್ಡಿತ್ತು.

ತಕ್ಕಡಿ ಆಟ

ಇತ್ತ ದೇಶ ಪಶ್ಚಿಮಕ್ಕೆ ಬೆಳೀತಾ ಇತ್ತು. ಹೊಸ ರಾಜ್ಯ ಸೇರುವಾಗೆಲ್ಲ ಒಂದೇ ಜಗಳ: ಇಲ್ಲಿ ಗುಲಾಮಗಿರಿ ಇರಬೇಕೋ, ಬೇಡವೋ? ಯಾಕೆ ಇದು ಅಷ್ಟು ದೊಡ್ಡ ವಿಷಯ ಅಂದ್ರೆ, ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡು ಸೀಟು. ರಾಜ್ಯ ಚಿಕ್ಕದಿರಲಿ, ದೊಡ್ಡದಿರಲಿ. ಜನಸಂಖ್ಯೆಯಲ್ಲಿ ಉತ್ತರ ಮುಂದೆ ಹೋಗ್ತಿತ್ತು. ಹಾಗಾಗಿ ಸೆನೆಟ್‌ನಲ್ಲಿ ಸಮಬಲ ಉಳಿಸಿಕೊಳ್ಳೋದು ದಕ್ಷಿಣಕ್ಕೆ ಪ್ರಾಣದಷ್ಟು ಮುಖ್ಯ.

1819ರ ಕೊನೆಗೆ ಲೆಕ್ಕ ಸಮ ಇತ್ತು. 11 ಗುಲಾಮಿ ರಾಜ್ಯ, 11 ಸ್ವತಂತ್ರ ರಾಜ್ಯ. ಆಗ ಮಿಸೌರಿ ತಾನೂ ರಾಜ್ಯ ಆಗ್ತೀನಿ, ಗುಲಾಮಗಿರಿ ಸಮೇತ ಬರ್ತೀನಿ ಅಂತು. ದೊಡ್ಡ ಗಲಾಟೆ. 1820ರಲ್ಲಿ ರಾಜಿ ಆಯ್ತು. ಮಿಸೌರಿ ಗುಲಾಮಿ ರಾಜ್ಯ, ಅದಕ್ಕೆ ಸರಿಸಮ ಮಾಡೋಕೆ ಮೇನ್ ಸ್ವತಂತ್ರ ರಾಜ್ಯ. ಜೊತೆಗೆ ಫ್ರಾನ್ಸ್‌ನಿಂದ ಕೊಂಡಿದ್ದ ಪಶ್ಚಿಮದ ನೆಲದ ಮೇಲೆ ಒಂದು ಗೆರೆ: 36 ಡಿಗ್ರಿ 30 ನಿಮಿಷ ಅಕ್ಷಾಂಶ. ಮಿಸೌರಿ ಒಂದನ್ನು ಬಿಟ್ಟು, ಅದಕ್ಕಿಂತ ಮೇಲೆ ಗುಲಾಮಗಿರಿ ಇಲ್ಲ.

ಮೂವತ್ತು ವರ್ಷ ಈ ತಕ್ಕಡಿ ಹೇಗೋ ನಿಂತಿತು. ಆದರೆ ತಕ್ಕಡಿಯಲ್ಲಿ ತೂಗುತ್ತಿದ್ದದ್ದು ಮನುಷ್ಯರ ಬದುಕನ್ನು ಅಂತ ಜೋರಾಗಿ ಹೇಳೋರು ಹುಟ್ಟಿಕೊಂಡರು.

ಸುಮ್ಮನಿರಲ್ಲ ಅಂದವರು

ಗುಲಾಮಗಿರಿ ವಿರೋಧಿ ಚಳವಳಿ ಅಂದ ಕೂಡಲೇ ಬರೋ ಹೆಸರು ವಿಲಿಯಂ ಲಾಯ್ಡ್ ಗ್ಯಾರಿಸನ್. ಬಿಳಿಯ, ವೃತ್ತಿಯಲ್ಲಿ ಮುದ್ರಣದವರು. 1831ರ ಜನವರಿ 1ಕ್ಕೆ ಬಾಸ್ಟನ್‌ನಲ್ಲಿ ‘ದಿ ಲಿಬರೇಟರ್’ ಅನ್ನೋ ವಾರಪತ್ರಿಕೆ ಶುರು ಮಾಡಿದರು. ಅವರ ಬೇಡಿಕೆ ಸರಳ: ನಿಧಾನವಾಗಿ ಅಲ್ಲ, ಈಗಲೇ ಬಿಡುಗಡೆ ಮಾಡಿ. ಆ ಪತ್ರಿಕೆಗೆ ಮೊದಮೊದಲು ಚಂದಾ ಕಟ್ಟಿದವರಲ್ಲಿ ಹೆಚ್ಚಿನವರು ಉತ್ತರದ ಕಪ್ಪು ಜನರೇ. ಗ್ಯಾರಿಸನ್‌ಗಿಂತ ಮುಂಚೆ, 1829ರಲ್ಲೇ, ಬಾಸ್ಟನ್‌ನಲ್ಲಿ ಹಳೇ ಬಟ್ಟೆ ಅಂಗಡಿ ಇಟ್ಟಿದ್ದ ಡೇವಿಡ್ ವಾಕರ್ ಅನ್ನೋ ಕಪ್ಪು ಮನುಷ್ಯ ಗುಲಾಮಗಿರಿ ವಿರುದ್ಧ ಬೆಂಕಿಯಂಥ ಪುಸ್ತಕ ಬರೆದಿದ್ದ. ದಕ್ಷಿಣದ ರಾಜ್ಯಗಳು ಅದು ಒಳಗೆ ಬರದಂತೆ ತಡೆಯೋಕೆ ಪರದಾಡಿದವು.

ಇನ್ನು ಫ್ರೆಡ್ರಿಕ್ ಡಗ್ಲಸ್. 1838ರಲ್ಲಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡು ಬಂದ ಗುಲಾಮ. ವೇದಿಕೆ ಮೇಲೆ ನಿಂತು ಮಾತಾಡಿದರೆ, ಇವರು ಗುಲಾಮ ಆಗಿದ್ದರು ಅಂತ ಜನ ನಂಬ್ತಾನೇ ಇರಲಿಲ್ಲ. ಹಾಗಾಗಿ 1845ರಲ್ಲಿ ಊರು, ಮಾಲೀಕನ ಹೆಸರು ಸಮೇತ ತನ್ನ ಕಥೆ ಬರೆದು ಪ್ರಕಟಿಸಿದರು. ಅದು ಎಂಥ ಧೈರ್ಯ ಅಂದ್ರೆ, ಪುಸ್ತಕ ಬಂದ ಮೇಲೆ ಯಾರಾದರೂ ಹಿಡಿದುಕೊಂಡು ಹೋಗಬಹುದು ಅನ್ನೋ ಭಯದಲ್ಲಿ ಅವರು ಬ್ರಿಟನ್ನಿಗೆ ಹೋಗಬೇಕಾಯ್ತು. ಅಲ್ಲಿನ ಬೆಂಬಲಿಗರು ದುಡ್ಡು ಕೂಡಿಸಿ ಅವರ ಬಿಡುಗಡೆಯನ್ನು ಕೊಂಡುಕೊಟ್ಟರು.

ಹಾಗಂತ ಉತ್ತರದ ಜನರೆಲ್ಲ ಈ ಹೋರಾಟಗಾರರಿಗೆ ಹಾರ ಹಾಕಿದರು ಅಂತಲ್ಲ. 1835ರಲ್ಲಿ ಇದೇ ಬಾಸ್ಟನ್‌ನಲ್ಲಿ ಗುಂಪೊಂದು ಗ್ಯಾರಿಸನ್‌ರನ್ನು ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದಾಡಿತು. 1837ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಪತ್ರಕರ್ತ ಎಲೈಜಾ ಲವ್‌ಜಾಯ್ ತನ್ನ ಮುದ್ರಣ ಯಂತ್ರ ಕಾಪಾಡೋಕೆ ಹೋಗಿ ಗುಂಡೇಟಿಗೆ ಬಲಿಯಾದರು. ಎರಡೂ ಸ್ವತಂತ್ರ ರಾಜ್ಯಗಳೇ. ಸಂಸತ್ತಿನಲ್ಲಿ ಕಥೆ ಇನ್ನೂ ವಿಚಿತ್ರ. ಗುಲಾಮಗಿರಿ ವಿರುದ್ಧ ಜನ ಕಳಿಸಿದ ಅರ್ಜಿಗಳನ್ನು ಚರ್ಚೆಗೇ ತಗೋಬಾರದು ಅಂತ ಪ್ರತಿನಿಧಿಗಳ ಸದನ 1836ರಲ್ಲಿ ನಿಯಮ ಮಾಡಿತು. ಅದು 1844ರವರೆಗೆ ಇತ್ತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಆಗ ಸದನದ ಸದಸ್ಯ. ವಯಸ್ಸಾದ ಮೇಲೂ ಪಟ್ಟು ಬಿಡದೆ ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದರು.

ಅಂದ್ರೆ ಉತ್ತರದ ಸಾಮಾನ್ಯ ಬಿಳಿಯನ ಮನಸ್ಥಿತಿ ಹೀಗಿತ್ತು: ‘ಗುಲಾಮಗಿರಿ ಕೆಟ್ಟದ್ದೇ ಇರಬಹುದು. ಆದರೆ ಅದು ಅವರ ಊರಿನ ವಿಷಯ. ನಮಗ್ಯಾಕೆ?’

ಈ ‘ನಮಗ್ಯಾಕೆ’ಯನ್ನು ಮುರಿದಿದ್ದು ಒಂದು ಕಾಯಿದೆ. ಅದನ್ನು ತಂದಿದ್ದು ದಕ್ಷಿಣದವರೇ.

1850ರ ಕಾಯಿದೆಯಲ್ಲಿ ಏನಿತ್ತು?

ಮೆಕ್ಸಿಕೊ ಜೊತೆ ಯುದ್ಧ ಗೆದ್ದು ಅಮೆರಿಕಕ್ಕೆ ದೊಡ್ಡ ನೆಲ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತ್ತು. 1850ರಲ್ಲಿ ಮತ್ತೆ ರಾಜಿ ಮಾತುಕತೆ. ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯ ಆಯ್ತು. ಅದಕ್ಕೆ ಬದಲಾಗಿ ದಕ್ಷಿಣ ಕೇಳಿ ಪಡೆದದ್ದರಲ್ಲಿ ಮುಖ್ಯವಾದದ್ದು ಓಡಿಹೋದ ಗುಲಾಮರನ್ನು ಹಿಡಿಯೋ ಹೊಸ ಕಾಯಿದೆ. 1793ರಿಂದಲೇ ಇಂಥದ್ದೊಂದು ಇತ್ತು, ಆದರೆ ಹಲ್ಲಿರಲಿಲ್ಲ. ಹೊಸದಕ್ಕೆ ಹಲ್ಲಿತ್ತು.

ಅದರ ಅಂಶಗಳನ್ನು ಒಂದೊಂದಾಗಿ ಕೇಳಿ.

ಹಿಡಿದು ತಂದವನಿಗೆ ತೀರ್ಪುಗಾರರ ಮಂಡಳಿ, ಅಂದ್ರೆ ಜ್ಯೂರಿ, ಇಲ್ಲ. ಕೇಂದ್ರ ನೇಮಿಸಿದ ಒಬ್ಬ ಕಮಿಷನರ್ ಮುಂದೆ ವಿಚಾರಣೆ.

ಆ ವ್ಯಕ್ತಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳೋ ಹಾಗಿಲ್ಲ. ‘ನೀವು ಹುಡುಕ್ತಿರೋದು ನನ್ನನ್ನಲ್ಲ’ ಅಂದರೂ ಆ ಮಾತು ಸಾಕ್ಷ್ಯವಲ್ಲ.

ಕಮಿಷನರ್‌ಗೆ ಶುಲ್ಕ: ಬಿಡುಗಡೆ ಮಾಡಿದರೆ 5 ಡಾಲರ್, ಮಾಲೀಕನಿಗೆ ಒಪ್ಪಿಸಿದರೆ 10 ಡಾಲರ್. ಕಾಗದಪತ್ರದ ಕೆಲಸ ಜಾಸ್ತಿ ಅಂತ ಸಮರ್ಥನೆ ಕೊಟ್ಟರು. ಜನಕ್ಕೆ ಅದು ಲಂಚದ ಹಾಗೇ ಕಂಡಿತು.

ಕೊನೇದು, ಎಲ್ಲಕ್ಕಿಂತ ದೊಡ್ಡದು. ಅಧಿಕಾರಿ ಕರೆದರೆ ಯಾವ ನಾಗರಿಕನೂ ಹಿಡಿಯೋಕೆ ಕೈ ಜೋಡಿಸಬೇಕು. ಓಡಿಬಂದವರಿಗೆ ಜಾಗ ಕೊಟ್ಟರೆ, ತಪ್ಪಿಸಿಕೊಳ್ಳೋಕೆ ನೆರವಾದರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಈಗ ಯೋಚಿಸಿ. ನೀವು ಬಾಸ್ಟನ್‌ನಲ್ಲಿ ಅಂಗಡಿ ಇಟ್ಟುಕೊಂಡಿರೋ ಬಿಳಿಯ. ಗುಲಾಮಗಿರಿ ಬಗ್ಗೆ ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಈಗ ಸರ್ಕಾರವೇ ಬಂದು, ಪಕ್ಕದ ಬೀದಿಯ ಕ್ಷೌರಿಕನನ್ನು ಹಿಡಿಯೋಕೆ ಬಾ ಅಂತಿದೆ. ನೀವು ಕಪ್ಪು ಮನುಷ್ಯ ಆಗಿದ್ದರಂತೂ ಹುಟ್ಟಿನಿಂದ ಸ್ವತಂತ್ರ ಆಗಿದ್ದರೂ ಭಯ. ಯಾರೋ ಬಂದು ‘ಇವನು ನನ್ನವನು’ ಅಂದರೆ ನಿಮ್ಮ ಬಾಯಿಗೆ ಬೆಲೆ ಇಲ್ಲ.

ಸಾವಿರಾರು ಕಪ್ಪು ಕುಟುಂಬಗಳು ಉತ್ತರದ ಊರುಗಳನ್ನೂ ಬಿಟ್ಟು ಕೆನಡಾಕ್ಕೆ ಹೋದವು. 1849ರಲ್ಲಿ ತಾನೇ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್‌ಮನ್ ಮತ್ತೆ ಮತ್ತೆ ಮೇರಿಲ್ಯಾಂಡ್‌ಗೆ ಹಿಂತಿರುಗಿ ಸುಮಾರು 70 ಜನರನ್ನು ಕರೆತಂದರು. ಈ ಕಾಯಿದೆ ಬಂದ ಮೇಲೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ಸಾಲದು ಅಂತ ಗಡಿ ದಾಟಿಸಿ ಕೆನಡಾವರೆಗೆ ಕರೆದೊಯ್ಯಬೇಕಾಯ್ತು. 1851ರ ಫೆಬ್ರುವರಿಯಲ್ಲಿ ಬಾಸ್ಟನ್ ಕೋರ್ಟಿಗೇ ನುಗ್ಗಿದ ಕಪ್ಪು ನಾಗರಿಕರು ಶ್ಯಾಡ್ರಾಕ್ ಮಿಂಕಿನ್ಸ್ ಅನ್ನೋ ವೇಟರ್‌ನನ್ನು ಎತ್ತಿಕೊಂಡು ಹೋಗಿ ಕೆನಡಾ ಸೇರಿಸಿದರು. ಎರಡೇ ತಿಂಗಳಿಗೆ ಥಾಮಸ್ ಸಿಮ್ಸ್ ಅನ್ನೋ ಇನ್ನೊಬ್ಬ ಯುವಕನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ.

1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿ ಬಂತು. ಇದೇ ಕಾಯಿದೆಯ ಸಿಟ್ಟಿನಲ್ಲಿ ಬರೆದದ್ದು. ಅಮೆರಿಕದಲ್ಲಿ ಮೊದಲ ವರ್ಷವೇ ಸುಮಾರು 3 ಲಕ್ಷ ಪ್ರತಿ ಖರ್ಚಾದವು.

ಆಂಥನಿ ಬರ್ನ್ಸ್‌ಗೆ ಆಗಿದ್ದೇನು?

ಈಗ ನಮ್ಮ ಕಥೆಗೆ ವಾಪಸ್ ಬರೋಣ. ಆಂಥನಿ ಬರ್ನ್ಸ್ ವರ್ಜೀನಿಯಾದವನು. ಚಾರ್ಲ್ಸ್ ಸಟಲ್ ಅನ್ನೋನ ಗುಲಾಮ. 1854ರ ಶುರುವಿನಲ್ಲಿ ರಿಚ್ಮಂಡ್‌ನಿಂದ ಹಡಗಿನಲ್ಲಿ ಅಡಗಿ ಬಾಸ್ಟನ್‌ಗೆ ಬಂದ. ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವನಿಗೆ ಓದು ಬರಹ ಗೊತ್ತಿತ್ತು. ಊರಲ್ಲಿ, ಇನ್ನೂ ಗುಲಾಮಗಿರಿಯಲ್ಲೇ ಇದ್ದ ಅಣ್ಣನಿಗೆ ಒಂದು ಪತ್ರ ಬರೆದ. ಗುಟ್ಟಾಗಿರಲಿ ಅಂತ ಕೆನಡಾದ ಮೂಲಕ ಕಳಿಸಿದ. ಆದರೆ ಒಳಗೆ ಬಾಸ್ಟನ್ ಅಂತ ಬರೆದುಬಿಟ್ಟಿದ್ದ. ಪತ್ರ ಮಾಲೀಕನ ಕೈಗೆ ಬಿತ್ತು.

ಮೇ 24ರ ಸಂಜೆ ಕೆಲಸ ಮುಗಿಸಿ ಬರ್ತಿದ್ದವನನ್ನು ಕಳ್ಳತನದ ಸುಳ್ಳು ಆರೋಪ ಹೊರಿಸಿ ಹಿಡಿದರು. ಕೋರ್ಟ್ ಕಟ್ಟಡದ ಒಳಗೆ ಸಟಲ್ ಎದುರಾದ. ಅವನನ್ನು ನೋಡಿದ ಗಾಬರಿಯಲ್ಲಿ ಬರ್ನ್ಸ್ ಬಾಯಿಂದ ಪರಿಚಯದ ಒಂದೆರಡು ಮಾತು ಬಂದವು.

ಎರಡು ದಿನ ಬಿಟ್ಟು, ಮೇ 26ರ ರಾತ್ರಿ, ಫ್ಯಾನ್ಯುಯಿಲ್ ಹಾಲ್‌ನಲ್ಲಿ ದೊಡ್ಡ ಸಭೆ. ಅದೇ ಹೊತ್ತಿಗೆ ಕಪ್ಪು, ಬಿಳಿ ಹೋರಾಟಗಾರರ ಗುಂಪೊಂದು ದೊಡ್ಡ ಮರದ ದಿಮ್ಮಿಯಿಂದ ಕೋರ್ಟಿನ ಬಾಗಿಲು ಗುದ್ದಿ ಒಡೆಯಿತು. ಒಳಗೆ ಕಾವಲಿದ್ದ ಜೇಮ್ಸ್ ಬ್ಯಾಚೆಲ್ಡರ್ ಅನ್ನೋನು ಸತ್ತ. ಬರ್ನ್ಸ್‌ನನ್ನು ಬಿಡಿಸಿಕೊಳ್ಳೋಕೆ ಮಾತ್ರ ಆಗಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್, ಅವರೂ ಉತ್ತರದವರೇ, ಖರ್ಚು ಎಷ್ಟಾದರೂ ಸರಿ ಕಾಯಿದೆ ಜಾರಿ ಆಗಬೇಕು ಅಂತ ಸೇನೆಯ ಬೆಂಬಲ ಕೊಟ್ಟರು.

ವಿಚಾರಣೆಯಲ್ಲಿ ಬರ್ನ್ಸ್ ಪರ ವಕೀಲ ರಿಚರ್ಡ್ ಹೆನ್ರಿ ಡೇನಾ. ಅವನು ಓಡಿಹೋದ ಅಂತ ಮಾಲೀಕನ ಕಡೆಯವರು ಹೇಳೋ ದಿನಕ್ಕಿಂತ ಮುಂಚೆಯೇ ಅವನನ್ನು ಬಾಸ್ಟನ್‌ನಲ್ಲಿ ನೋಡಿದ್ದೇವೆ ಅಂತ ಸಾಕ್ಷಿಗಳು ಹೇಳಿದರು. ಕಮಿಷನರ್ ಎಡ್ವರ್ಡ್ ಲೋರಿಂಗ್ ಅದನ್ನು ಬದಿಗಿಟ್ಟು, ಆ ರಾತ್ರಿ ಮಾಲೀಕನ ಎದುರು ಬರ್ನ್ಸ್ ಆಡಿದ ಮಾತನ್ನೇ ಆಧಾರವಾಗಿ ಹಿಡಿದರು. ಕಾಯಿದೆ ಪ್ರಕಾರ ಅವನ ಮಾತು ಅವನ ಪರವಾಗಿ ಸಾಕ್ಷ್ಯ ಅಲ್ಲ. ಅವನ ವಿರುದ್ಧ ಮಾತ್ರ ಸಾಕ್ಷ್ಯ ಆಯ್ತು!

ಜೂನ್ 2ಕ್ಕೆ ತೀರ್ಪು. ಆಮೇಲಿನ ಮೆರವಣಿಗೆ ಬಗ್ಗೆ ಆರಂಭದಲ್ಲೇ ಹೇಳಿದೆ. ಒಬ್ಬ ಯುವಕನನ್ನು ಹಡಗು ಹತ್ತಿಸೋಕೆ ಸರ್ಕಾರ ಮಾಡಿದ ಖರ್ಚು ಸುಮಾರು 40 ಸಾವಿರ ಡಾಲರ್ ಇರಬಹುದು ಅಂತ ಅಂದಾಜು. ಕೆಲವೇ ದಿನ ಹಿಂದೆ ಊರಿನ ಕಪ್ಪು ಪಾದ್ರಿ ಲಿಯೊನಾರ್ಡ್ ಗ್ರೈಮ್ಸ್ 1,200 ಡಾಲರ್ ಹೊಂದಿಸಿ ಬಿಡುಗಡೆ ಕೊಳ್ಳೋಕೆ ಬಂದಿದ್ದರು. ಸರ್ಕಾರಿ ವಕೀಲ ಅದಕ್ಕೆ ಅಡ್ಡಬಂದ.

ಆ ದಿನ ಬೀದಿಯಲ್ಲಿ ನಿಂತು ನೋಡಿದವರು ಬದಲಾದರು. ಏಮಸ್ ಲಾರೆನ್ಸ್ ಅಂತ ಒಬ್ಬ ದೊಡ್ಡ ಜವಳಿ ವ್ಯಾಪಾರಿ. ಅವರ ಗಿರಣಿಗಳು ನಡೀತಿದ್ದದ್ದೇ ದಕ್ಷಿಣದ ಹತ್ತಿಯಿಂದ. ರಾಜಿ ರಾಜಕೀಯದ ಪಕ್ಕಾ ಬೆಂಬಲಿಗ. ತಮ್ಮಂಥವರೆಲ್ಲ ರಾತ್ರಿ ರಾಜಿಯವರಾಗಿ ಮಲಗಿ ಬೆಳಿಗ್ಗೆ ಹುಚ್ಚು ಹಿಡಿದ ಗುಲಾಮಗಿರಿ ವಿರೋಧಿಗಳಾಗಿ ಎದ್ದೆವು ಅನ್ನೋ ಅರ್ಥದಲ್ಲಿ ಅವರು ಬರೆದುಕೊಂಡರು. ಗ್ಯಾರಿಸನ್ ಆ ಜುಲೈ 4ರ ಸ್ವಾತಂತ್ರ್ಯ ದಿನದಂದು ಸಂವಿಧಾನದ ಪ್ರತಿಯನ್ನೇ ಸುಟ್ಟರು.

ಒಡೆದ ತಕ್ಕಡಿ

ಬರ್ನ್ಸ್ ಸೆರೆಯಲ್ಲಿದ್ದ ದಿನಗಳಲ್ಲೇ, ಮೇ 30ರಂದು, ಅಧ್ಯಕ್ಷ ಪಿಯರ್ಸ್ ಇನ್ನೊಂದು ಕಾಯಿದೆಗೆ ಸಹಿ ಹಾಕಿದರು. ಕ್ಯಾನ್ಸಸ್–ನೆಬ್ರಾಸ್ಕಾ ಕಾಯಿದೆ. ಅದು 1820ರಲ್ಲಿ ಎಳೆದ ಗೆರೆಯನ್ನೇ ಅಳಿಸಿಹಾಕಿತು. ಗುಲಾಮಗಿರಿ ಬೇಕೋ ಬೇಡವೋ ಅಂತ ಅಲ್ಲಿ ನೆಲೆಸೋ ಬಿಳಿಯರೇ ತೀರ್ಮಾನಿಸಲಿ ಅಂತು.

ಆಮೇಲೆ ಎಲ್ಲವೂ ಬೇಗ ಬೇಗ ನಡೆದುಹೋಯ್ತು. 1854ರಲ್ಲೇ ಗುಲಾಮಗಿರಿ ಹಬ್ಬೋದನ್ನು ತಡೆಯಬೇಕು ಅಂತ ರಿಪಬ್ಲಿಕನ್ ಪಕ್ಷ ಹುಟ್ಟಿತು. ಕ್ಯಾನ್ಸಸ್‌ಗೆ ಎರಡೂ ಕಡೆಯವರು ನುಗ್ಗಿ ಬಡಿದಾಡಿದರು. 1856ರ ಮೇ 22ರಂದು ಮಸಾಚುಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಸೆನೆಟ್ ಒಳಗೆ ತನ್ನ ಮೇಜಿನ ಮುಂದೆ ಕೂತಿದ್ದಾಗ, ಸೌತ್ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬಂದು ಬೆತ್ತದಿಂದ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸಿದ. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನ ಅಮೆರಿಕದ ನಾಗರಿಕರೇ ಆಗೋಕೆ ಸಾಧ್ಯವಿಲ್ಲ, ಪಶ್ಚಿಮದ ನೆಲದಲ್ಲಿ ಗುಲಾಮಗಿರಿ ತಡೆಯೋ ಅಧಿಕಾರ ಸಂಸತ್ತಿಗಿಲ್ಲ ಅಂತ ತೀರ್ಪು ಕೊಟ್ಟಿತು.

ಹಾಗಾದರೆ ‘ರಾಜ್ಯಗಳ ಹಕ್ಕು’?

ಈಗ ಆ ಮಾತಿಗೆ ಬರೋಣ. ದಕ್ಷಿಣ ಹೋರಾಡಿದ್ದು ಕೇಂದ್ರದ ದಬ್ಬಾಳಿಕೆ ವಿರುದ್ಧ, ರಾಜ್ಯಗಳ ಹಕ್ಕಿಗಾಗಿ ಅನ್ನೋ ವಾದ.

1850ರ ದಶಕದಲ್ಲಿ ರಾಜ್ಯದ ಹಕ್ಕು ಅಂತ ಎದ್ದು ನಿಂತಿದ್ದು ಯಾರು ನೋಡಿ. ಬರ್ನ್ಸ್ ಪ್ರಕರಣ ಆದ ಮೇಲೆ, 1855ರಲ್ಲಿ ಮಸಾಚುಸೆಟ್ಸ್ ತನ್ನದೇ ಕಾನೂನು ಮಾಡಿತು: ಓಡಿಬಂದವರನ್ನು ಹಿಡಿಯೋ ಕೆಲಸಕ್ಕೆ ನಮ್ಮ ರಾಜ್ಯದ ಅಧಿಕಾರಿ, ನಮ್ಮ ಜೈಲು ಸಿಗಲ್ಲ. ಲೋರಿಂಗ್ ರಾಜ್ಯದ ನ್ಯಾಯಾಧೀಶರೂ ಆಗಿದ್ದರು. 1858ರಲ್ಲಿ ಅವರನ್ನು ಆ ಹುದ್ದೆಯಿಂದ ತೆಗೆದರು. ಬರ್ನ್ಸ್ ನಂತರ ಮಸಾಚುಸೆಟ್ಸ್‌ನಿಂದ ಈ ಕಾಯಿದೆಯಡಿ ಯಾರನ್ನೂ ವಾಪಸ್ ಕಳಿಸೋಕೆ ಆಗಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಜೋಶುವಾ ಗ್ಲೋವರ್ ಅನ್ನೋರನ್ನು ಜನ ಜೈಲಿನಿಂದ ಬಿಡಿಸಿಕೊಂಡು ಹೋದರು. ಆ ರಾಜ್ಯದ ಸುಪ್ರೀಂ ಕೋರ್ಟ್ ಕೇಂದ್ರದ ಕಾಯಿದೆಯೇ ಸಂವಿಧಾನಬಾಹಿರ ಅಂತ ಹೇಳಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಅಂದ್ರೆ ರಾಜ್ಯಗಳ ಹಕ್ಕು ಹಿಡಿದು ನಿಂತಿದ್ದು ಉತ್ತರ. ಕೇಂದ್ರದ ಪೊಲೀಸು, ಸೇನೆ, ಕೋರ್ಟು ಬಳಸಿ ಆ ಹಕ್ಕನ್ನು ತುಳೀಬೇಕು ಅಂದಿದ್ದು ದಕ್ಷಿಣ.

1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದರು. ಅವರು ಆಗ ಹೇಳ್ತಿದ್ದದ್ದು ಗುಲಾಮಗಿರಿ ಇನ್ನು ಹಬ್ಬಬಾರದು ಅಂತ ಮಾತ್ರ. ಇದ್ದ ಕಡೆ ತೆಗೀತೀನಿ ಅಂತಲ್ಲ. ಆದರೂ ಡಿಸೆಂಬರ್ 20ರಂದು ಸೌತ್ ಕೆರೊಲಿನಾ ಒಕ್ಕೂಟ ಬಿಟ್ಟಿತು. ಯಾಕೆ ಬಿಟ್ಟೆವು ಅಂತ ಒಂದು ಘೋಷಣೆಯನ್ನೂ ಪ್ರಕಟಿಸಿತು. ಒಕ್ಕೂಟ ಬಿಡೋದು ತನ್ನ ಹಕ್ಕು ಅಂತ ಅದರಲ್ಲಿ ವಾದವೇನೋ ಇದೆ. ಆದರೆ ಬಿಟ್ಟಿದ್ದು ಯಾಕೆ ಅನ್ನೋದಕ್ಕೆ ಕೊಟ್ಟ ದೂರು ಏನು ಗೊತ್ತಾ? ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ವಾಪಸ್ ಕೊಡ್ತಿಲ್ಲ, ಅದಕ್ಕೆ ಅಡ್ಡಿಯಾಗೋ ಕಾನೂನು ಮಾಡಿವೆ ಅಂತ. ಮಸಾಚುಸೆಟ್ಸ್, ವಿಸ್ಕಾನ್ಸಿನ್ ಹೆಸರು ಹಿಡಿದೇ ಬರೆದಿದ್ದಾರೆ. ಆಮೇಲೆ ದಕ್ಷಿಣದವರು ತಮ್ಮದೇ ಸಂವಿಧಾನ ಬರೆದುಕೊಂಡಾಗ, ಗುಲಾಮರ ಮೇಲಿನ ಮಾಲೀಕತ್ವಕ್ಕೆ ಧಕ್ಕೆ ತರೋ ಕಾನೂನನ್ನು ತಮ್ಮ ಸಂಸತ್ತು ಮಾಡೋ ಹಾಗಿಲ್ಲ ಅಂತಲೂ, ಯಾವ ರಾಜ್ಯಕ್ಕೆ ಹೋದರೂ ಗುಲಾಮರನ್ನು ಜೊತೆಗೆ ಒಯ್ಯಬಹುದು ಅಂತಲೂ ಸೇರಿಸಿದರು.

ಈಗ ನೀವೇ ಹೇಳಿ, ಯಾವ ಹಕ್ಕಿಗಾಗಿ ಜಗಳ?

ಯುದ್ಧದಲ್ಲೂ ಓಡಿಬಂದವರು

1861ರ ಏಪ್ರಿಲ್ 12ಕ್ಕೆ ಯುದ್ಧ ಶುರುವಾಯ್ತು. ಅದರ ಬಿಸಿ ನಮ್ಮೂರಿಗೂ ತಟ್ಟಿತ್ತು ಅಂದ್ರೆ ನಂಬ್ತೀರಾ? ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ಬ್ರಿಟನ್ನಿನ ಗಿರಣಿಗಳಿಗೆ ಹತ್ತಿ ಇಲ್ಲದಾಯ್ತು. ಅವರ ಕಣ್ಣು ಭಾರತದ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಬ್ರಿಟಿಷರು ಅಮೆರಿಕದ ಬೀಜ ತಂದು ಬೆಳೆಸಿದ್ದರು. ಅದಕ್ಕೆ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರು. ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಏರಿತು, 1865ರಲ್ಲಿ ಯುದ್ಧ ಮುಗೀತಿದ್ದ ಹಾಗೇ ಬಿತ್ತು.

ಮತ್ತೆ ಅಮೆರಿಕಕ್ಕೆ. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ತಪ್ಪಿಸಿಕೊಂಡು ಬಂದರು. ಅದು ಉತ್ತರದ ಸೇನೆಯ ಕೈಲಿದ್ದ ಕೋಟೆ. ಮಾರನೇ ದಿನ ದಕ್ಷಿಣದ ಒಬ್ಬ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರ ಕಾಯಿದೆ ಪ್ರಕಾರ ಅವರನ್ನು ಕೊಡಿ ಅಂದ. ಅಮೆರಿಕದ ಮೇಲೆ ಯುದ್ಧ ಸಾರಿ, ಅಮೆರಿಕದ್ದೇ ಕಾಯಿದೆ ತೋರಿಸ್ತಿದ್ದ! ಕೋಟೆಯ ಮುಖ್ಯಸ್ಥ ಬೆಂಜಮಿನ್ ಬಟ್ಲರ್ ಮಸಾಚುಸೆಟ್ಸ್‌ನ ವಕೀಲ. ನೀವು ಬೇರೆ ದೇಶ ಅಂತೀರಲ್ಲ, ಹಾಗಿದ್ರೆ ಆ ಕಾಯಿದೆ ನಿಮಗೆ ಅನ್ವಯಿಸಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟು ಕಳಿಸಿದರು. ಸುದ್ದಿ ಹಬ್ಬಿತು. ಮೂವರು ನೂರಾರಾದರು, ಸಾವಿರಾರಾದರು. ಮೊದಲು ಒಕ್ಕೂಟ ಉಳಿಸೋ ಯುದ್ಧ ಅಂತಿದ್ದ ಲಿಂಕನ್, 1863ರ ಜನವರಿ 1ರಂದು ಬಂಡೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರು ಅಂತ ಘೋಷಿಸಿದರು. ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರು ಉತ್ತರದ ಸೇನೆ ಸೇರಿದರು. 1864ರ ಜೂನ್‌ನಲ್ಲಿ ಆ ಹಳೇ ಕಾಯಿದೆ ರದ್ದಾಯ್ತು. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಆ ಯುದ್ಧ ಮುಗಿದ ಮೇಲೆ, 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. ಗ್ಯಾರಿಸನ್ ಅದೇ ತಿಂಗಳು ‘ಲಿಬರೇಟರ್’ನ ಕೊನೆಯ ಸಂಚಿಕೆ ತಂದರು.

ಆದರೆ ಆ ತಿದ್ದುಪಡಿಯಲ್ಲೂ ಒಂದು ಕಿಂಡಿ ಇತ್ತು: ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ಮಾಡಿಸಬಹುದು. ದಕ್ಷಿಣದ ರಾಜ್ಯಗಳು ಅದನ್ನು ಹೇಗೆ ಬಳಸಿದವು ಅನ್ನೋದು ಇನ್ನೊಂದು ಸಂಚಿಕೆಯಷ್ಟು ದೊಡ್ಡ ಕಥೆ.

ಕೊನೆಗೆ, ಆಂಥನಿ ಬರ್ನ್ಸ್ ಏನಾದ? ಅವನನ್ನು ರಿಚ್ಮಂಡ್‌ನಲ್ಲಿ ನಾಲ್ಕು ತಿಂಗಳು ಕೋಳ ಹಾಕಿ ಕೂಡಿಹಾಕಿದರು. ಆಮೇಲೆ ಮಾರಿದರು. ಪಾದ್ರಿ ಗ್ರೈಮ್ಸ್ ಬಿಡಲಿಲ್ಲ. 1855ರಲ್ಲಿ 1,300 ಡಾಲರ್ ಹೊಂದಿಸಿ ಅವನನ್ನು ಬಿಡಿಸಿಕೊಂಡು ಬಂದರು. ಬರ್ನ್ಸ್ ಒಹಾಯೊದ ಓಬರ್ಲಿನ್‌ನಲ್ಲಿ ಓದಿದ. ಕೆನಡಾದ ಸೇಂಟ್ ಕ್ಯಾಥರೀನ್ಸ್‌ನಲ್ಲಿ, ತನ್ನ ಹಾಗೇ ತಪ್ಪಿಸಿಕೊಂಡು ಬಂದವರು ತುಂಬಿದ್ದ ಊರಿನ ಚರ್ಚಿನಲ್ಲಿ ಪಾದ್ರಿಯಾದ. 1862ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 28. ತನ್ನ ದೇಶದಲ್ಲಿ ಗುಲಾಮಗಿರಿ ಮುಗಿದದ್ದನ್ನು ಅವನು ನೋಡಲಿಲ್ಲ.

ಸಂಸತ್ತಿನವರು ಎಪ್ಪತ್ತು ವರ್ಷ ಗೆರೆ ಎಳೀತಾ, ಲೆಕ್ಕ ಸರಿದೂಗಿಸ್ತಾ ಕೂತಿದ್ದರು. ಆ ಗೆರೆಯನ್ನು ಕಾಲಲ್ಲಿ ದಾಟಿ ಬಂದವರು ಬರ್ನ್ಸ್‌ನಂಥವರು. ಅವರು ಬಂದು ಬಾಗಿಲು ತಟ್ಟಿದಾಗ ಒಳಗಿದ್ದವರಿಗೆ ಎರಡೇ ದಾರಿ ಉಳಿದಿದ್ದವು: ಬಾಗಿಲು ತೆಗೀಬೇಕು, ಇಲ್ಲ ಹಿಡಿದು ಕೊಡಬೇಕು.

ಇವತ್ತಿಗೆ ಇಷ್ಟು. ಪಾಠ ಪುಸ್ತಕದಲ್ಲಿ ಅಂತರ್ಯುದ್ಧ ಅಂತ ಎರಡು ಪುಟ ಓದಿದ ಗೆಳೆಯರು ಇದ್ದರೆ ಅವರಿಗೂ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ, ನಮಸ್ಕಾರ.